ಗ್ಯಾರೇಜಿಗೆ ಬಂದರೆ ನಿಲ್ಲುತ್ತಿದ್ದ ಸದ್ದು

2022ರ ಬೇಸಿಗೆ. ಬೀದರ್‌ನ ನೌಬಾದದಲ್ಲಿ ನಾನು ಕಾರು ರಿಪೇರಿಯ ಗ್ಯಾರೇಜ್ ತೆರೆದು ಹತ್ತೊಂಬತ್ತು ವರ್ಷವಾಗಿತ್ತು. ಅದಕ್ಕೂ ಮೊದಲು ಭಾಲ್ಕಿಯಲ್ಲಿ ಉಸ್ತಾದರೊಬ್ಬರ ಕೈಕೆಳಗೆ ಒಂಬತ್ತು ವರ್ಷ ಕೆಲಸ ಕಲಿತಿದ್ದೆ. ಸದ್ದು ಕೇಳಿಯೇ ಗಾಡಿಯ ರೋಗ ಹೇಳುತ್ತಾನೆಂದು ನನಗೆ ಹೆಸರಿತ್ತು. ಆ ಹೆಸರು ತಲೆಗೂ ಏರಿತ್ತು, ಸುಳ್ಳು ಯಾಕೆ ಹೇಳಲಿ.

ಆ ಏಪ್ರಿಲ್‌ನ ಒಂದು ಸೋಮವಾರ ಔರಾದ್‌ನ ನಿವೃತ್ತ ಮುಖ್ಯೋಪಾಧ್ಯಾಯರಾದ ಶಿವಶರಣಪ್ಪ ಗುರುಗಳು ತಮ್ಮ ಸಣ್ಣ ಕಾರು ತಂದರು. ಅವರ ಹೆಂಡತಿ ಮಹಾನಂದಾ ಅವರಿಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಸೋಮವಾರ, ಗುರುವಾರ ಬೀದರ್‌ನಲ್ಲಿ ಡಯಾಲಿಸಿಸ್. ಯಂತ್ರದಿಂದ ರಕ್ತ ಸೋಸುವ ಆ ಚಿಕಿತ್ಸೆಗೆ ನಾಲ್ಕು ತಾಸು ಬೇಕು. ಅವರನ್ನು ದವಾಖಾನೆಯಲ್ಲಿ ಬಿಟ್ಟು, ಆ ಹೊತ್ತಿನಲ್ಲಿ ಗುರುಗಳು ನನ್ನಲ್ಲಿಗೆ ಬಂದಿದ್ದರು.

"ಹಿಂದಿನ ಎಡಗಾಲಿ ಕಡಿಂದ ಟಕ್ ಟಕ್ ಅಂತದಂತ್ರಿ. ನನಗ ಮುಂದ ಕೂತು ಅಷ್ಟು ತಿಳಿಯಂಗಿಲ್ಲ. ನಮ್ಮ ಮನಿಯವರು ಹಿಂದ ಕೂಡ್ತಾರ, ಅವರು ಹೇಳ್ಲಕತ್ತಾರ."

ಗುರುಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಿದ್ರಿಯ ಗಲ್ಲಿಗಳಲ್ಲಿ ಓಡಿಸಿದೆ. ಸದ್ದಿಲ್ಲ. ಹಳೆಯ ಗಾಡಿ, ಶಾಕ್ ಅಬ್ಸಾರ್ಬರ್ ಹೋಗಿರಬೇಕೆಂದು ಅದನ್ನು ಬದಲಿಸಿದೆ. ರಸ್ತೆಯ ಕುಲುಕಾಟ ತಡೆಯುವುದು ಅದರ ಕೆಲಸ. ಗುರುವಾರ ಗುರುಗಳು ಮತ್ತೆ ಬಂದರು: "ಹಂಗೇ ಅದಂತ್ರಿ." ಆಕ್ಸಲ್ ಕೂಡುವಲ್ಲಿನ ರಬ್ಬರ್ ಬುಶ್ ಬದಲಿಸಿದೆ. ಸೋಮವಾರ ಮತ್ತೆ ಹಾಜರ್! ಬೇರಿಂಗ್ ನೋಡಿದೆ, ಬ್ರೇಕ್ ಡ್ರಮ್ ಬಿಚ್ಚಿದೆ, ಡಿಕ್ಕಿಯ ಜಾಕ್ ತೆಗೆದಿಟ್ಟೆ. ನಾಲ್ಕನೆಯ ಸಲ ಭಾಲ್ಕಿ ರಸ್ತೆಯಲ್ಲಿ ಮೂವತ್ತು ಕಿಲೋಮೀಟರ್ ಓಡಿಸಿದೆ. ಸದ್ದೂ ಇಲ್ಲ, ಸುದ್ದಿಯೂ ಇಲ್ಲ.

ನನ್ನ ತಲೆ ಕೆಟ್ಟು ಮೊಸರು ಗಡಿಗೆಯಾಗಿತ್ತು. ಬೇರೆ ಗಿರಾಕಿಗಳ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ನಾನು ನೋಡಿದರೆ ಈ ಒಂದು ಕಾರಿನ ಕೆಳಗೆ ಮಲಗಿಯೇ ದಿನ ಕಳೆಯುತ್ತಿದ್ದೆ. ಐದನೆಯ ಸಲ ಗುರುಗಳು ಗೇಟಿನೊಳಗೆ ಬಂದಾಗ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ನೆಲಕ್ಕೆ ಒಗೆದೆ.

"ಗುರುಗಳೇ, ಗಾಡ್ಯಾಗ ಏನೂ ಇಲ್ರಿ. ಬ್ಯಾನಿ ಬಿದ್ದವರಿಗೆ ಏನೇನೋ ಕೇಳಸ್ತದ. ತಿಳಿಸಿ ಹೇಳ್ರಿ ಅವರಿಗಿ."

ಗುರುಗಳು ಸಂಭಾವಿತರು, ಕಾರು ತಿರುಗಿಸಿಕೊಂಡು ಹೋದರು. ಆದರೆ ಈ ಮಾತನ್ನು ಒಂದಕ್ಷರ ಬಿಡದೆ ಹೆಂಡತಿಗೆ ಹೇಳಿದರು.

ಗುರುವಾರ ಕಾರು ಬರಲಿಲ್ಲ. ಪೀಡೆ ತೊಲಗಿತು ಎಂದುಕೊಂಡೆ. ಶನಿವಾರ ಬೆಳಿಗ್ಗೆ ಗುರುಗಳ ಫೋನ್ ಬಂತು. "ಅಕಿ ದವಾಖಾನಿಗಿ ಬರಲೊಲ್ಲಳ್ರಿ. ಗುರುವಾರದ್ದು ತಪ್ಪ್ಯಾದ. ಕಾಲು ಬಾತಾವ, ದಮ್ಮು ಹತ್ತಲಕತ್ತದ. ಬ್ಯಾರೆ ಗಾಡಿ ತರಿಸ್ತೇನಿ ಅಂದ್ರ, ಹುಚ್ಚಿನ್ನ ದವಾಖಾನಿಗಿ ಯಾಕ ಒಯ್ತೀರಿ ಅಂತಾಳ."

ಪರಿಚಯದ ಟ್ಯಾಕ್ಸಿ ಮಾಡಿಕೊಂಡು ಔರಾದ್‌ಗೆ ಓಡಿದೆ. ಮಹಾನಂದಾ ಅವರನ್ನು ಅಂದೇ ಮೊದಲ ಸಲ ನೋಡಿದ್ದು. ಪಡಸಾಲೆಯ ಮಂಚದ ಮೇಲೆ ಬಾತ ಕಾಲು ಚಾಚಿ ಕೂತಿದ್ದರು. ಮಾತಿಗೊಮ್ಮೆ ಉಸಿರು ಎಳೆಯುತ್ತಿದ್ದರು.

"ಮಿಸ್ತ್ರಿ, ಕೆಟ್ಟಿದ್ದು ನನ್ನ ಕಿಡ್ನಿರಿ. ಕಿವಿ ಚೊಲೋ ಅವ."

ನಾನು ತಲೆ ತಗ್ಗಿಸಿ, ಮೂರು ವಾರದ ಹಿಂದೆಯೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ. "ಯಾವಾಗ ಬರ್ತದ್ರಿ ಅಕ್ಕೋರೆ?"

"ನಾ ಎಡಕ್ಕ ಕೂತಾಗ. ಸ್ಪೀಡ್ ಬ್ರೇಕರ್ ಇಳಿಯುವಾಗ ಒಂದು ಸಲ. ಬಲಕ್ಕ ಹೊಳ್ಳುವಾಗ ಎರಡು ಸಲ. ದವಾಖಾನಿ ತನಕ ಬರ್ತದ. ನಾ ಇಳಿದ ಮ್ಯಾಲ ನನಗೇನು ಗೊತ್ತು?"

ಇಳಿದ ಮೇಲೆ! ಹಣೆ ಹಣೆ ಬಡಿದುಕೊಂಡೆ. ಅವರು ದವಾಖಾನೆಯಲ್ಲಿ ಮಲಗಿದಾಗಷ್ಟೇ ಕಾರು ನನ್ನ ಗ್ಯಾರೇಜಿಗೆ ಬರುತ್ತಿತ್ತು. ನಾಲ್ಕು ಸಲವೂ ನಾನು ಪರೀಕ್ಷಿಸಿದ್ದು ಹಿಂದಿನ ಸೀಟು ಖಾಲಿ ಇದ್ದ ಗಾಡಿಯನ್ನು. ಹೆಣ್ಣುಮಕ್ಕಳಿಗೆ ಗಾಡಿಯ ಬಗ್ಗೆ ಏನು ಕೇಳುವುದೆಂದು ಒಂದು ಫೋನನ್ನೂ ಮಾಡಿರಲಿಲ್ಲ.

ಅವರ ಜಾಗದಲ್ಲಿ ನಾನೇ ಕೂತು, ಗುರುಗಳಿಗೆ ಓಡಿಸಲು ಹೇಳಿದೆ. ಮನೆ ಮುಂದಿನ ಬ್ರೇಕರ್ ಇಳಿದದ್ದೇ ತಡ, ನನ್ನ ಸೀಟಿನ ಕೆಳಗೇ ಟಕ್ ಎಂದಿತು. ಗುರುಗಳನ್ನು ಅದೇ ಸೀಟಿಗೆ ಕೂರಿಸಿ, ಟಾರ್ಚ್ ಹಿಡಿದು ಕೆಳಗೆ ತೂರಿದೆ. ಗಾಡಿಯ ಭಾರ ಹೊರುವ ಕಾಯಿಲ್ ಸ್ಪ್ರಿಂಗ್‌ನ ಕೊನೆಯ ಸುತ್ತು ಮುರಿದಿತ್ತು. ಮುರಿದ ಜಾಗ ಸ್ಪ್ರಿಂಗ್ ಕೂರುವ ರಬ್ಬರ್ ಬಟ್ಟಲಲ್ಲಿ, ಕೆಸರಿನಡಿ ಮುಚ್ಚಿತ್ತು. ಸೀಟು ಖಾಲಿ ಇದ್ದರೆ ತುಂಡುಗಳು ಒಂದಕ್ಕೊಂದು ಆತು ಸುಮ್ಮನಿರುತ್ತವೆ. ಮೇಲೆ ಭಾರ ಬಿದ್ದರೆ ಒಂದು ಜಾರಿ ಹೊಡೆಯುತ್ತದೆ. ಗ್ಯಾರೇಜಿನಲ್ಲಿ ನಾನು ಗಾಡಿಯನ್ನು ಜಾಕ್ ಮೇಲೆತ್ತಿ ನೋಡುತ್ತಿದ್ದೆ, ಆಗ ಸ್ಪ್ರಿಂಗ್ ಮೇಲೆ ಭಾರವೇ ಇರುತ್ತಿರಲಿಲ್ಲ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಹಾಗೆ ಜಾರಿದಾಗ ಮುರಿದ ತುದಿ ಟೈರಿನ ಒಳಮಗ್ಗುಲನ್ನು ಕೊರೆದು ನೂಲು ಕಾಣಿಸುತ್ತಿತ್ತು. ಓಡುವಾಗ ಅದು ಒಡೆದಿದ್ದರೆ? ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಒಳಗೆ ಹೋಗಿ ಕೈಮುಗಿದೆ. "ತಪ್ಪಾಯ್ತ್ರಿ ಅಕ್ಕೋರೆ. ಸಪ್ಪಳ ಇತ್ತು."

"ನನಗ್ಯಾಕ ಹೇಳ್ತೀರಿ? ಇತ್ತಂತ ನನಗ ಗೊತ್ತೇ ಅದ. ಅವರಿಗಿ ಹೇಳ್ರಿ."

ಗುರುಗಳು ಬಾಗಿಲಲ್ಲಿ ನಿಂತಿದ್ದರು. "ಗುರುಗಳೇ, ಅಕ್ಕೋರು ಹೇಳಿದ್ದು ಖರೆ. ನಾ ಹೇಳಿದ್ದು ಸುಳ್ಳು" ಎಂದೆ. ಮಹಾನಂದಾ ಅವರು ಗಂಡನ ಮುಖವನ್ನೇ ನೋಡಿದರು. ಗುರುಗಳು ದವಾಖಾನೆಯ ಫೈಲು ಎತ್ತಿಕೊಂಡು ಬಂದು ಹೆಂಡತಿಗೆ ಕೈ ಚಾಚಿದರು. ಅವರು ಆ ಕೈ ಹಿಡಿದು ಎದ್ದು, ಟ್ಯಾಕ್ಸಿಯಲ್ಲಿ ಕೂತರು. ಆ ಮಧ್ಯಾಹ್ನವೇ ಡಯಾಲಿಸಿಸ್ ಆಯಿತು, ದೇವರು ದೊಡ್ಡವನು.

ಈಗ ಯಾರೇ ಸದ್ದು ಎಂದು ಬಂದರೂ, ಯಾರಿಗೆ ಕೇಳಿಸಿತು ಎಂದು ಮೊದಲು ಕೇಳುತ್ತೇನೆ. ಅವರು ಮನೆಯಲ್ಲಿದ್ದಾರೆ ಎಂದರೆ, ಕರಕೊಂಡು ಬರ್ರಿ ಎನ್ನುತ್ತೇನೆ, ಅಲ್ಲಿಯವರೆಗೆ ಗಾಡಿ ಮುಟ್ಟುವುದಿಲ್ಲ. ಗಿರಾಕಿಗಳು ಗೊಣಗುತ್ತಾರೆ. ಗೊಣಗಲಿ. ನನಗೆ ಕೇಳಿಸಲಿಲ್ಲ ಎಂದಷ್ಟೇ ಆ ದಿನ ನಾನು ಹೇಳಬಹುದಿತ್ತು. ಸದ್ದೇ ಇಲ್ಲ ಎಂದುಬಿಟ್ಟೆ. ಆ ಒಂದು ಮಾತಿಗೆ ಒಬ್ಬ ಹೆಣ್ಣುಮಗಳು ಜೀವವನ್ನೇ ಬಿಡಲು ಹೊರಟಿದ್ದಳು.