ಕರಿಸಿದ್ದಪ್ಪ ಮೇಷ್ಟ್ರು ಉಬ್ಬರಕ್ಕೆ ಕಾದದ್ದು

ಅರಸೀಕೆರೆಯ ಕರಿಸಿದ್ದಪ್ಪನವರು ಕೊಟ್ಟೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ನದಿ ಸಮುದ್ರ ಸೇರುವ ಅಳಿವೆ, ಅಲ್ಲಿನ ಉಬ್ಬರ ಇಳಿತ, ನೀರು ಹೋದಲ್ಲಿಗೆ ಹೋಗುವ ಸಣ್ಣಾತಿಸಣ್ಣ ಪ್ಲವಕ ಜೀವಿಗಳು, ಈ ಪಾಠವನ್ನು ಹತ್ತೊಂಬತ್ತು ವರ್ಷ ಮಾಡಿದ್ದರು. ಸಮುದ್ರವನ್ನು ಮಾತ್ರ ನೋಡಿರಲಿಲ್ಲ. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

೨೦೦೧ರ ಡಿಸೆಂಬರಿನಲ್ಲಿ ವಿದ್ಯಾರ್ಥಿಗಳೊಂದಿಗೆ ಕಾರವಾರಕ್ಕೆ ಹೋದರು. ಮಧ್ಯಾಹ್ನ ಕಾಳಿ ನದಿಯ ಅಳಿವೆಯಲ್ಲಿ ದೋಣಿಯಿಂದ ನವಿರಾದ ಬಲೆ ಇಳಿಸಿ ಎಳೆದರು. ಬಲೆಯ ತುದಿಗೆ ಕಟ್ಟಿದ ಬಾಟಲಿಯಲ್ಲಿ ಬರಿ ತಿಳಿನೀರು. ದಡಕ್ಕೆ ತಂದು ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಹೇಳಿಕೊಳ್ಳುವಂಥದ್ದೇನೂ ಇಲ್ಲ.

ತಂಬ್ರಹಳ್ಳಿಯ ಹುಡುಗಿ ಭಾಗ್ಯ ಕೇಳಿದಳು: "ಸರ್, ನೀವು ಹಿಂದ ಬಂದಾಗ ಎಷ್ಟು ಸಿಕ್ಕಿದ್ವುರಿ?"

ಮೇಷ್ಟ್ರು ಬಾಟಲಿ ಕೆಳಗಿಟ್ಟರು. "ಹಿಂದ ಬಂದೇ ಇಲ್ಲಮ್ಮ. ಸಮುದ್ರ ನಾನೂ ಇವತ್ತ ಮೊದಲ ನೋಡಿದ್ದು."

ಯಾರೋ ಕಿಸಕ್ಕೆಂದರು. ಮೇಷ್ಟ್ರ ಕಿವಿ ಬಿಸಿಯಾಯಿತು. ದೋಣಿಯವನೇ ಮಾತು ತೆಗೆದ: "ಈಗ ಇಳಿತ, ಮಾಸ್ತರ್ರೇ. ಸಂಜೆಗೆ ಉಬ್ಬರ ಬರ್ತದೆ, ಆಗ ಹಾಕಿ."

ಬಸ್ಸಿನ ಡ್ರೈವರ್ ಏಕಾಂತಪ್ಪ ಗಡಿಯಾರ ತೋರಿಸಿದ. "ಈಗ ಬಿಟ್ರ ಜೋಗ ಸಿಗತೈತಿ. ಇಲ್ಲಾಂದ್ರ ಇಲ್ರಿ."

"ಜೋಗ ಬ್ಯಾಡ. ಕಾಯೋಣ," ಎಂದರು ಮೇಷ್ಟ್ರು. ಹುಡುಗರು ಮುಖ ಗಂಟಿಕ್ಕಿ ಮರಳಿನ ಮೇಲೆ ಕೂತರು.

ಮೂರರ ಹೊತ್ತಿಗೆ ನದಿ ನಿಂತಂತಾಯಿತು. ಆಮೇಲೆ ನೊರೆ, ಕಸಕಡ್ಡಿ ಎಲ್ಲ ಹಿಮ್ಮುಖವಾಗಿ ಒಳನಾಡಿನ ಕಡೆ ಹೊರಟವು. ಪಾಠದಲ್ಲಿ ಅದೊಂದು ಸಾಲು ಅಷ್ಟೆ. ಮೇಷ್ಟ್ರು ಎದ್ದು ನಿಂತು ನೋಡಿದರು.

ಐದಕ್ಕೆ ಎಳೆದ ಬಲೆಯಲ್ಲಿ ಗಂಜಿಯಂಥ ಕಂದು ನೀರು. ಹುಡುಗರು ಸೂಕ್ಷ್ಮದರ್ಶಕಕ್ಕೆ ಮುಗಿಬಿದ್ದರು.

"ಇಷ್ಟೊತ್ತು ಎಲ್ಲಿದ್ವು ಸರ್ ಇವು?"

"ಒಂದಿಷ್ಟು ಈಗ ಉಪ್ಪುನೀರಿನ ಜೊತಿ ಬಂದಾವ. ಉಳಿದವು ತಳದಾಗ ಇದ್ವು. ಇಳಿತದಾಗ ಮ್ಯಾಲಿದ್ರ ಸಮುದ್ರಕ್ಕ ಕೊಚ್ಚಿ ಹೋಗ್ತಾವ. ತಳದಾಗ ಸೆಳೆತ ಕಡಿಮಿ. ಉಬ್ಬರ ಬಂತಂದ್ರ ಮ್ಯಾಲೇಳ್ತಾವ."

ಎಲ್ಲರದೂ ಆದ ಮೇಲೆ ಭಾಗ್ಯ ಜಾಗ ಬಿಟ್ಟಳು. "ಸರ್, ನೀವೇ ನೋಡಿಲ್ಲ. ಬರ್ರಿ."

ಅವರು ಬಗ್ಗಿ ನೋಡಿದರು. ಗಾಜಿನಂಥ ಮೈಯ ಒಂದು ಜೀವಿ, ಹೊಟ್ಟೆಗೆ ಮೊಟ್ಟೆಯ ಚೀಲ ಕಟ್ಟಿಕೊಂಡು ಚಂಗನೆ ನೆಗೆದು ಬೆಳಕಿನಾಚೆ ಹೋಯಿತು. "ಏ, ಓಡ್ತು ಓಡ್ತು!" ಎಂದು ಮಕ್ಕಳಂತೆ ಕೂಗಿದರು. ಈ ಸಲ ಹುಡುಗರು ಅವರ ಜೊತೆಗೇ ನಕ್ಕರು.

ಜೋಗ ತಪ್ಪಿದ ಸಿಟ್ಟು ಕೆಲವರಿಗೆ ತಿಂಗಳುಗಟ್ಟಲೆ ಇತ್ತು. ಮೇಷ್ಟ್ರು ಮಾತ್ರ ನಿವೃತ್ತಿಯಾಗುವವರೆಗೂ ಪ್ರತಿ ವರ್ಷ ಕಾರವಾರಕ್ಕೆ ಹೋದರು. ದೋಣಿಯವನಿಗೆ ಕಾರ್ಡು ಬರೆದು ಉಬ್ಬರದ ಹೊತ್ತು ಕೇಳಿಯೇ ಬಸ್ಸು ಗೊತ್ತು ಮಾಡುತ್ತಿದ್ದರು. ಕೊನೆಯ ವರ್ಷ ಹೆಂಡತಿ ನಾಗಲಿಂಗಮ್ಮನೂ ಹೊರಟರು. ದೋಣಿಗೆ ಎಲ್ಲರಿಗಿಂತ ಮೊದಲು ಹತ್ತಿದವರು ಅವರೇ.