ಮಂಗಳವಾರದ ಸೂಜಿ

ತ್ಯಾಗರಾಜನಗರದಿಂದ ಜರಗನಹಳ್ಳಿಗೆ ಐದಾರು ಕಿಲೋಮೀಟರ್. "ಇದೂ ಒಂದು ಪ್ರವಾಸವೇನೇ?" ಎಂದು ನಮ್ಮ ಯಜಮಾನರು ನಕ್ಕರು. ನಗಲಿ. ಬೆಳಿಗ್ಗೆ ಏಳೂವರೆಗೆ ಹೊರಟು, ಬನಶಂಕರಿಯಲ್ಲಿ ಬಸ್ಸು ಬದಲಿಸಿ, ಹೆಂಗಸರ ಸೊನ್ನೆ ರೂಪಾಯಿ ಟಿಕೆಟ್ ಹಿಡಿದು ಕನಕಪುರ ರಸ್ತೆಯ ಟ್ರಾಫಿಕ್ಕಿನಲ್ಲಿ ಬೆವರಿ ಇಳಿದಾಗ ನನಗಂತೂ ಪರ ಊರಿಗೆ ಬಂದಷ್ಟೇ ಸುಸ್ತಾಗಿತ್ತು.

ಸ್ಟಾಪಿನಲ್ಲಿ ಆಶಾ ಕಾರ್ಯಕರ್ತೆ ಸರೋಜಾ ಕಾಯುತ್ತಿದ್ದಳು. ಮೇಷ್ಟರಿಕೆಯಿಂದ ನಿವೃತ್ತಳಾದ ಮೇಲೆ ನಾನು ಆಗಾಗ ಅವಳ ಜೊತೆ ಮನೆಮನೆ ಸುತ್ತುವುದುಂಟು. ಹದಿನಾರು ವರ್ಷದವರಿಗೆ ಧನುರ್ವಾಯು, ಗಂಟಲುಮಾರಿ ತಡೆಯುವ ಚುಚ್ಚುಮದ್ದಿನ ಶಿಬಿರ ಅಂದು ಮಧ್ಯಾಹ್ನಕ್ಕೆ ಮುಗಿಯುವುದಿತ್ತು. ಅವಳ ಪಟ್ಟಿಯಲ್ಲಿ ಉಳಿದದ್ದು ಕಾವ್ಯ ಎಂಬ ಒಂದೇ ಹೆಸರು.

"ಎರಡು ಸಲ ತಪ್ಪೋಯ್ತು ಮೇಡಂ. ಕಬಡ್ಡಿ ಆಡೋ ಹುಡುಗಿ, ವಾರಕ್ಕೊಂದು ಗಾಯ. ಅವರಪ್ಪ ಸೈನ್ ಹಾಕಿ ಕೊಟ್ಟಿದಾರೆ, ಅಜ್ಜಿನೇ ಬಿಡ್ತಿಲ್ಲ."

ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾಲ್ಕಂತಸ್ತಿನ ಬಾಡಿಗೆ ಮನೆಗಳು. ಕೆಳಗಿನ ಮನೆಯಲ್ಲಿ ಮಾಲೀಕರಾದ ಗೌರಮ್ಮಜ್ಜಿ, ಮೊಮ್ಮಗಳು ಕಾವ್ಯ. ಅಜ್ಜಿ ಪ್ರೀತಿಯಿಂದ ಮಜ್ಜಿಗೆ ಕೊಟ್ಟರು. ವಿಷಯ ಎತ್ತಿದ ಕೂಡಲೇ ಮುಖ ತಿರುಗಿಸಿದರು.

"ಇವತ್ತು ಮಂಗಳವಾರ ಕಣಮ್ಮ. ಮಗು ಮೈಗೆ ಕಬ್ಬಿಣ ತಾಗಿಸ್ತಾರಾ? ನಾಳೆ ನೋಡಾಣ."

ಹಿಂದಿನ ಎರಡು ಸಲವೂ ಇದೇ 'ನಾಳೆ'. ನನಗೆ ಸಿಟ್ಟು ಬಂತು. ಆದರೆ ಮಂಗಳವಾರ ಉಗುರು ತೆಗೆಯದವಳು ನಾನೂ. ಯಾವ ಬಾಯಲ್ಲಿ ವಾದ ಮಾಡಲಿ? ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟೆ.

ಅಷ್ಟರಲ್ಲಿ ಕಾವ್ಯ ಫ್ರಿಜ್ಜಿನಿಂದ ಡಬ್ಬಿ ತಂದಳು. ಅಜ್ಜಿಗೆ ಸಕ್ಕರೆ ಕಾಯಿಲೆ. ತಿಂಡಿಗೆ ಮುಂಚೆ ದಿನಾ ಇನ್ಸುಲಿನ್ ಚುಚ್ಚುವವಳು ಅವಳೇ.

"ಆ ಕಡೆ ನೋಡಜ್ಜಿ. ಇರುವೆ ಕಚ್ಚಿದಂಗೆ, ಅಷ್ಟೇ." ಚುಚ್ಚಿ, ಸೂಜಿ ಎತ್ತಿ ತೋರಿಸಿದಳು. "ಇದೇನು ಬುಧವಾರದ ಸೂಜಿನಾ?"

ಸರೋಜಾ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಅಜ್ಜಿ ನಗಲಿಲ್ಲ.

"ನಂದೇನು, ಮುದುಕಿ. ನಿಂಗೇನಾದ್ರೂ ಆದ್ರೆ ನಾನೇನ್ ಮಾಡ್ಲಿ ಮಗಾ?"

"ನಿಂಗೇನೂ ಆಗಬಾರ್ದು ಅಂತಾನೇ ದಿನಾ ಚುಚ್ಚೋದು ಅಜ್ಜಿ. ನಂಗೂ ಆಗಬಾರ್ದಲ್ವಾ?"

ಅಜ್ಜಿಯ ಕಣ್ಣು ತುಂಬಿತು. ಇಷ್ಟು ಹೊತ್ತು ವಾರದ ಹೆಸರಿನಲ್ಲಿ ಮಾತಾಡಿದ್ದು ಬರೀ ಭಯ ಎಂದು ತಿಳಿದು ನನ್ನ ಸಿಟ್ಟಿಗೆ ನಾನೇ ನಾಚಿದೆ. ಅವರು ಎದ್ದು, ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ದೇವರ ಮುಂದಿಟ್ಟು, "ತಪ್ಪಾಯ್ತು ತಾಯಿ" ಎಂದು ಕೈಮುಗಿದರು. ಆಮೇಲೆ ತಿಂಡಿ ಮುಗಿಸಿ ಚಪ್ಪಲಿ ಮೆಟ್ಟಿದರು.

ಶಿಬಿರದಲ್ಲಿ ಸೂಜಿ ಕಂಡದ್ದೇ ಕಾವ್ಯಳ ಧೈರ್ಯ ಜರ್ರನೆ ಇಳಿಯಿತು. ಅಜ್ಜಿ ಅವಳ ಗದ್ದ ಹಿಡಿದು ತಿರುಗಿಸಿದರು. "ಆ ಕಡೆ ನೋಡು ಮಗಾ. ಇರುವೆ ಕಚ್ಚಿದಂಗೆ, ಅಷ್ಟೇ."

ಮರಳುವ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಹನ್ನೊಂದರ ಬಿಸಿಲು ಸುಡುತ್ತಿತ್ತು. ಫುಟ್‌ಪಾತಿನ ಮೇಲೆ ಅವರಿಬ್ಬರೂ ಮನೆಯತ್ತ ಹೊರಟಿದ್ದರು. ಚುಚ್ಚಿಸಿಕೊಂಡ ತೋಳಿಗೆ ಬಿಸಿಲು ತಾಗದಂತೆ ಅಜ್ಜಿ ತಮ್ಮ ಸೆರಗು ಹಿಡಿದು ನಡೆಯುತ್ತಿದ್ದರು.