ಬನಾಬಾದ ನೀರಿನ ದಾರಿ

ಲಂಡನ್ನಿನ ಕ್ರೋಯ್ಡನ್‌ನಲ್ಲಿ ಆಗಷ್ಟೇ ಟ್ರಾಮ್ ಓಡಾಡಲು ಶುರುವಾಗಿತ್ತು. ನಮ್ಮ ಫ್ಲ್ಯಾಟಿನ ಎದುರು ಮನೆಯಲ್ಲಿ ಫಿಜಿಯಿಂದ ಬಂದ ಒಬ್ಬ ನರ್ಸ್ ಇದ್ದಳು. ಹುಟ್ಟಿದ್ದು ಫಿಜಿಯ ರಾಂಬಿ ದ್ವೀಪದಲ್ಲಾದರೂ ತನ್ನ ಜನ ಬನಾಬಾದವರು ಎನ್ನುತ್ತಿದ್ದಳು. ಬನಾಬಾ ಪೆಸಿಫಿಕ್ ಸಾಗರದ ನಡುವೆ ಒಂಟಿಯಾಗಿರುವ ಪುಟ್ಟ ದ್ವೀಪ. ಹೊರಗಿನವರು ಬಂದು ಗೊಬ್ಬರದ ಫಾಸ್ಫೇಟಿಗಾಗಿ ಅದರ ಮಣ್ಣನ್ನೆಲ್ಲ ಕೆರೆದು ಒಯ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಜನರನ್ನೂ ಹಡಗು ಹತ್ತಿಸಿ ರಾಂಬಿಗೆ ಸಾಗಿಸಿದರು. ನರ್ಸ್ ತನ್ನ ಮೂಲದ ದ್ವೀಪವನ್ನು ಕಣ್ಣಾರೆ ಕಂಡವಳಲ್ಲ.

ಆ ಚಳಿಗಾಲ ಅವಳ ಮಗುವನ್ನು ನೋಡಲು ಅವಳ ದೊಡ್ಡಮ್ಮ ಬಂದಿದ್ದರು. ನಮ್ಮ ಮನೆಗೆ ವಿಜಯಪುರದಿಂದ ಅವ್ವ ಬಂದಿದ್ದಳು. ಒಂದು ಬೆಳಿಗ್ಗೆ ರಸ್ತೆಯಲ್ಲಿ ಪೈಪು ಒಡೆದು ಇಡೀ ಕಟ್ಟಡಕ್ಕೆ ನೀರು ನಿಂತಿತು. ಕೆಳಗೆ ಟ್ಯಾಂಕರ್ ಬಂದಿದೆ ಎಂದು ತಿಳಿದು ನಾನು ಬಕೆಟ್ ಹುಡುಕುವಷ್ಟರಲ್ಲಿ ಇಬ್ಬರು ಮುದುಕಿಯರೂ ಇಳಿದು ಹೋಗಿದ್ದರು. ಮೆಟ್ಟಿಲು ಹತ್ತಿ ಬಂದಾಗ ದೊಡ್ಡಮ್ಮನ ಎರಡೂ ಬಕೆಟ್ ತುಂಬಿದ್ದವು. ಒಂದು ಹನಿಯೂ ಚೆಲ್ಲಿರಲಿಲ್ಲ.

"ಈಕಿ ನೀರಿಗಾಗಿ ಭಾಳ ತಿರುಗ್ಯಾಳ," ಎಂದಳು ಅವ್ವ.

ನಾನು ಅದನ್ನು ಇಂಗ್ಲಿಷಿಗೆ ತಂದೆ, ನರ್ಸ್ ತಮ್ಮ ಭಾಷೆಗೆ ತಂದಳು. ದೊಡ್ಡಮ್ಮ ನಮ್ಮ ಮನೆಯ ಕಾರ್ಪೆಟ್ಟಿನ ಮೇಲೆ ಕೂತು ಮಾತಿಗೆ ತೊಡಗಿದರು. ಬನಾಬಾದಲ್ಲಿ ಹೊಳೆಯಿಲ್ಲ, ತೊರೆಯಿಲ್ಲ. ಮಳೆ ಕೈಕೊಟ್ಟರೆ ನೆಲದಡಿಯ ಗುಹೆಗಳಲ್ಲಿ ತೊಟ್ಟಿಕ್ಕಿ ನಿಂತ ನೀರೇ ಗತಿ. ಆ ಗುಹೆಗಳಿಗೆ ಇಳಿಯುತ್ತಿದ್ದವರು ಹೆಂಗಸರು ಮಾತ್ರ. ಗಂಡಸರು ಹೋಗುವಂತಿರಲಿಲ್ಲ. ದೊಡ್ಡಮ್ಮ ಹುಡುಗಿಯಾಗಿದ್ದಾಗ ತಾಯಿಯ ಹಿಂದೆ ತೆವಳಿ ದಾರಿ ಕಲಿತಿದ್ದರು, ತೆಂಗಿನ ಚಿಪ್ಪಿನಲ್ಲಿ ನೀರು ತಂದಿದ್ದರು.

ತೆವಳುವುದು ಹೇಗೆ ಎಂದು ಅವ್ವ ಕೇಳಿದಳು. ದೊಡ್ಡಮ್ಮ ಮಾತು ನಿಲ್ಲಿಸಿ ಬೋರಲು ಮಲಗಿದರು. ಅವ್ವ ಟೀಪಾಯಿ ಸರಿಸಿ ಜಾಗ ಮಾಡಿದಳು. ಆ ವಯಸ್ಸಾದ ದೇಹ ಕಣ್ಣು ಮುಚ್ಚಿಕೊಂಡು ಮುಂದೆ ಸರಿಯತೊಡಗಿತು. ಒಂದು ಕಡೆ ತಲೆ ನೆಲಕ್ಕೆ ತಾಗುವಷ್ಟು ತಗ್ಗಿಸಿದರು, ಇನ್ನೊಂದು ಕಡೆ ಎಡ ಭುಜ ಮೊದಲು ತೂರಿಸಿದರು, ಮತ್ತೊಂದೆಡೆ ಉಸಿರು ಬಿಟ್ಟು ಹೊಟ್ಟೆ ಒಳಗೆಳೆದುಕೊಂಡರು. ಯಾರೂ ಹೇಳದೆಯೇ ನರ್ಸ್ ಅವರ ಹಿಂದೆ ಮಲಗಿ ಹಾಗೆ ಹಾಗೆಯೇ ಮಾಡಿದಳು. ಕಿಟಕಿಯ ಬಳಿ ತಲುಪಿದಾಗ ದೊಡ್ಡಮ್ಮ ಬೊಗಸೆ ಚಾಚಿ ಸುಮ್ಮನಾದರು. ನೀರು ಕದಡಿದೆ, ತಿಳಿಯಾಗಲಿ ಎಂದು ಕಾಯುತ್ತಿದ್ದಾರೆ ಎಂದು ನರ್ಸ್ ಪಿಸುಗುಟ್ಟಿದಳು. ಅವ್ವನ ಕೈಗಳು ತಾವಾಗಿಯೇ ಮುಗಿದುಕೊಂಡಿದ್ದವು.

ಆಮೇಲೆ ಚಹಾ ಕುಡಿಯುವಾಗ, ಅಲ್ಲಿ ಇನ್ನೇನು ಉಳಿದಿದೆ ಎಂದು ಕೇಳಿದೆ. ದೊಡ್ಡಮ್ಮನಿಗೆ ಬೇಸರವಾಗಲಿಲ್ಲ. ಕಾವಲಿಗೆಂದು ಮರಳಿ ಹೋದ ಕೆಲವು ಮನೆಯವರು ಅಲ್ಲಿದ್ದಾರೆ, ಅವರಿಗೆ ಒಳ್ಳೆಯ ನೀರಿನ ತೊಟ್ಟಿ ಬೇಕು, ತಪ್ಪದೆ ಬರುವ ಹಡಗು ಬೇಕು ಎಂದರು. ಮತ್ತೊಂದು ಮಾತೂ ಹೇಳಿದರು.

"ನಮ್ಮಲ್ಲಿ ನೆಲಕ್ಕೂ ಜನಕ್ಕೂ ಒಂದೇ ಶಬ್ದ, ಅಬಾ. ನೆಲ ಹೋಯಿತು ಅಂದರೆ ನಾವೂ ಹೋದೆವು ಅಂದ ಹಾಗೆ. ಅದಕ್ಕೇ ಹಾಗೆ ಹೇಳುವುದಿಲ್ಲ."

ಕೆಲವು ವರ್ಷಗಳ ನಂತರ ನರ್ಸ್ ರಜೆ ಹಾಕಿ, ಹಡಗಿಗಾಗಿ ಕಾದು ಕಾದು, ಕೊನೆಗೆ ಬನಾಬಾ ಮುಟ್ಟಿದಳು. ಅವರ ಮನೆತನದ ಗುಹೆಯ ಬಾಯಿ ಅಗೆತದಲ್ಲಿ ಕುಸಿದು ಹೋಗಿತ್ತು. ಅಲ್ಲಿದ್ದ ಹೆಂಗಸರು ಅವಳನ್ನು ಬೇರೊಂದು ಗುಹೆಗೆ ಕರೆದೊಯ್ದರು. ಒಳಗೆ ಬಿಡುವ ಮುನ್ನ, ನೀನು ಯಾರ ಮಗಳು, ಯಾರ ಮೊಮ್ಮಗಳು ಎಂದು ಗಟ್ಟಿಯಾಗಿ ಹೇಳು ಎಂದರಂತೆ. ಹೊರಗೆ ಅವರನ್ನು ಬಿಟ್ಟರೆ ಯಾರೂ ಇರಲಿಲ್ಲ. ಹೇಳಬೇಕಾದದ್ದು ಅವರಿಗಲ್ಲ, ಗುಹೆಗೆ, ಅದರ ಕಡೆಗೆ ಮುಖ ಮಾಡಿ.

ಕ್ರೋಯ್ಡನ್‌ಗೆ ಮರಳಿದ ಮೇಲೆ ನಮ್ಮ ಅಡುಗೆಮನೆಯಲ್ಲಿ ನಿಂತು ಅವಳು ಇದನ್ನೆಲ್ಲ ಹೇಳಿದಳು. ಅಜ್ಜಿಯ ಹೆಸರು ಹೇಳಿ ಮುಗಿಸಿದೆ, ಒಳಗಿನಿಂದ ತಣ್ಣನೆಯ ಗಾಳಿ ಬಂದು ಮುಖಕ್ಕೆ ತಾಗಿತು, ಆಗ ಬಗ್ಗಿ ಇಳಿದೆ ಎಂದಳು.